ಫ್ರೆಟ್ ಕನ್ನಡಿ ಥರ ಹೊಳೆಯುತ್ತಿದೆ, ಬೆಂಡ್ ಮಾಡಿದರೆ ಮಾತ್ರ ಕರಕರ

ಎರಡನೇತಂತಿ

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ನನ್ನ ಎಲೆಕ್ಟ್ರಿಕ್ ಗಿಟಾರಿಗೆ ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್‌ಗಳಿವೆ (ತಂತಿಗಳ ಕೆಳಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು). 22 ಫ್ರೆಟ್, ಜಂಬೊ ಸೈಜ್, ಅವು ಕೂತಿರುವ ಮರದ ಫಿಂಗರ್‌ಬೋರ್ಡ್ ರೋಸ್‌ವುಡ್. ತಂದ ದಿನದಿಂದಲೂ ಒಂದೇ ಗೋಳು. ಎರಡನೇ ತಂತಿಯನ್ನೋ ಮೂರನೇ ತಂತಿಯನ್ನೋ ಬೆಂಡ್ ಮಾಡಿದರೆ, ಅಂದರೆ ಒತ್ತಿ ಹಿಡಿದು ಪಕ್ಕಕ್ಕೆ ಎಳೆದರೆ, ಮರಳಿನ ಮೇಲೆ ಎಳೆದ ಹಾಗಾಗುತ್ತದೆ. ಆಂಪ್ ಆಫ್ ಇದ್ದರೆ ಆ ಕರಕರ ಕಿವಿಗೇ ಕೇಳುತ್ತದೆ. ಆಂಪ್ ಆನ್ ಮಾಡಿದರೆ ಕೇಳಿಸುವುದಿಲ್ಲ, ಆದರೆ ಬೆರಳಿಗೆ ಗೊತ್ತಾಗುತ್ತದಲ್ಲ, ಅದೇ ಕಿರಿಕಿರಿ. ವೈಬ್ರಾಟೊ ಮಾಡಲು ಮನಸ್ಸೇ ಬರುವುದಿಲ್ಲ.

"ನುಡಿಸುತ್ತಾ ನುಡಿಸುತ್ತಾ ತಾನೇ ಸರಿಹೋಗುತ್ತೆ" ಎಂದರು ಗೆಳೆಯರು. ಆರು ತಿಂಗಳು ಕಾದೆ. ಹಾಗೇ ಇದೆ.

ಹೋದ ವಾರ ನಾನೇ ಕೈ ಹಾಕಿದೆ. ಮೊದಲು 0000 ಸ್ಟೀಲ್ ವುಲ್‌ನಿಂದ ತಿಕ್ಕಿದೆ. ಫ್ರೆಟ್‌ಗೆ ಏನೂ ಆಗಲಿಲ್ಲ, ನನ್ನ ಕೈ ಕಪ್ಪಾಯಿತು ಅಷ್ಟೇ. ಆಮೇಲೆ ರೋಟರಿ ಟೂಲ್‌ಗೆ ಫೆಲ್ಟ್ ಚಕ್ರ ಹಾಕಿ, ಮೆಟಲ್ ಪಾಲಿಷ್ ಹಚ್ಚಿ, 22 ಫ್ರೆಟ್‌ಗಳನ್ನೂ ಬಫ್ ಮಾಡಿದೆ. ಈಗ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು. ತಂತಿ ಹಾಕಿ ಬೆಂಡ್ ಮಾಡಿದೆ. ಅದೇ ಕರಕರ!

ಇಷ್ಟು ಹೊಳೆಯುವ ಲೋಹ ಒರಟಾಗಿರುವುದು ಹೇಗೆ? ಇನ್ನೂ ಒಳ್ಳೆಯ ಪಾಲಿಷ್ ತರಬೇಕಾ?

ಸುಮ್ನೆಓದುಗ

ತಂತಿ ಹೊಸದಾ? ತುಕ್ಕು ಹಿಡಿದ ತಂತಿಯೂ ಹೀಗೇ ಕರಕರ ಅನ್ನುತ್ತೆ.

ಅರಹಿಡಿದವ

ಪಾಲಿಷ್ ತರಬೇಡಿ. ಮೊದಲು ನೋಡಿ. ಕೋಣೆಯ ಲೈಟ್ ಆರಿಸಿ, ಟಾರ್ಚ್ ಅನ್ನು ಫಿಂಗರ್‌ಬೋರ್ಡ್‌ಗೆ ಹೆಚ್ಚುಕಡಿಮೆ ತಾಗುವ ಹಾಗೆ ಪಕ್ಕದಿಂದ ಹಿಡಿಯಿರಿ. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಒಂದು ಭೂತಗನ್ನಡಿ ಇಟ್ಟುಕೊಂಡು ಫ್ರೆಟ್‌ನ ನೆತ್ತಿ ನೋಡಿ. ಗೀರು ಇದೆಯಾ, ಇದ್ದರೆ ಯಾವ ದಿಕ್ಕಿಗಿದೆ, ಬಂದು ಹೇಳಿ.

ಇನ್ನೊಂದು ಮಾತು. ಸ್ಟೀಲ್ ವುಲ್ ತಿಕ್ಕುವಾಗ ಪಿಕಪ್ (ತಂತಿಗಳ ಕೆಳಗಿನ ಅಯಸ್ಕಾಂತದ ಭಾಗ) ಮುಚ್ಚಿದ್ದಿರಾ?

ಎರಡನೇತಂತಿ

ತಂತಿ ಹೊಸದು, ಬಫ್ ಮಾಡಿದ ಮೇಲೇ ಹಾಕಿದ್ದು.

ಪಿಕಪ್ ಮುಚ್ಚಿರಲಿಲ್ಲ. ಈಗ ನೋಡಿದರೆ ಅದರ ಪೋಲ್ ಪೀಸ್‌ಗಳ (ಲೋಹದ ಮೊಳೆಗಳ) ಮೇಲೆ ಉಕ್ಕಿನ ಎಳೆಗಳ ಗಡ್ಡ ಬೆಳೆದಿದೆ 😐

ಗೀರು ಇದೆ ಸರ್. ಬರಿಗಣ್ಣಿಗೆ ಏನೂ ಇಲ್ಲ, ಭೂತಗನ್ನಡಿಯಲ್ಲಿ ಮಾತ್ರ ಕಾಣುತ್ತದೆ. ಎಲ್ಲಾ ಒಂದೇ ದಿಕ್ಕಿಗೆ, ತಂತಿ ಹೋಗುವ ದಿಕ್ಕಿಗೇ ಇವೆ. ಫ್ರೆಟ್‌ನ ನೆತ್ತಿಯ ಮೇಲೆ ಒಂದರ ಪಕ್ಕ ಒಂದು, ಬಾಚಣಿಗೆಯಲ್ಲಿ ಎಳೆದ ಹಾಗೆ. ತಮಾಷೆ ಏನೆಂದರೆ ಆ ಗೀರುಗಳ ಒಳಗೂ ಹೊಳಪಿದೆ.

ಅರಹಿಡಿದವ

ಗಡ್ಡಕ್ಕೆ ಮಾಸ್ಕಿಂಗ್ ಟೇಪ್ ಒತ್ತಿ ಒತ್ತಿ ತೆಗೆಯಿರಿ. ಊದಬೇಡಿ, ಒಳಗೆ ಹೋಗಿ ಕೂರುತ್ತದೆ.

ಗೀರುಗಳ ಒಳಗೂ ಹೊಳಪಿದೆ ಅಂದಿರಲ್ಲ, ಉತ್ತರ ಅದರಲ್ಲೇ ಇದೆ. ಫೆಲ್ಟ್ ಮೆತ್ತಗಿರುತ್ತದೆ. ಅದು ದಿಬ್ಬವನ್ನು ಕಡಿದು ಹಳ್ಳಕ್ಕೆ ಸಮ ಮಾಡುವುದಿಲ್ಲ. ದಿಬ್ಬ ಹತ್ತುತ್ತದೆ, ಹಳ್ಳಕ್ಕೆ ಇಳಿಯುತ್ತದೆ, ಎರಡಕ್ಕೂ ಹೊಳಪು ಕೊಟ್ಟು ಮುಂದೆ ಹೋಗುತ್ತದೆ. ನಿಮ್ಮ ಹತ್ತಿರ ಈಗ ಇರುವುದು ಪಾಲಿಷ್ ಮಾಡಿದ ಗೀರುಗಳು. ಹೊಳಪು ಬೇರೆ, ನುಣುಪು ಬೇರೆ.

ಗೀರು ಬಂದಿದ್ದೆಲ್ಲಿಂದ? ಫ್ರೆಟ್‌ಗಳ ಎತ್ತರ ಸಮ ಮಾಡುವಾಗ (ಲೆವೆಲಿಂಗ್) ಉದ್ದನೆ ಕಡ್ಡಿಗೆ ಸ್ಯಾಂಡ್‌ಪೇಪರ್ ಅಂಟಿಸಿ ನೆಕ್ ಉದ್ದಕ್ಕೂ ಎಳೆಯುತ್ತಾರೆ. ಗೀರು ಬೀಳುವುದು ತಂತಿಯ ದಿಕ್ಕಿಗೇ. ಆಮೇಲೆ ಡೈಮಂಡ್ ಫೈಲ್‌ನಲ್ಲಿ ನೆತ್ತಿಗೆ ಗುಂಡು ಆಕಾರ ಕೊಡುತ್ತಾರೆ. ಇವೆಲ್ಲದರ ಗುರುತನ್ನು ಕೊನೆಗೆ ಅಳಿಸಬೇಕು. ನಿಕಲ್ ಸಿಲ್ವರ್ ಆದರೆ ಬೇಗ ಅಳಿಯುತ್ತದೆ. ಸ್ಟೇನ್‌ಲೆಸ್ ಅಳಿಸಲು ತಾಳ್ಮೆ ಬೇಕು, ತಯಾರಿಸಿದವರಿಗೆ ಅದು ಮುಗಿದಿರಬೇಕು.

ಈಗ ದಿಕ್ಕಿನ ವಿಷಯ. ಬೆಂಡ್ ಮಾಡುವಾಗ ತಂತಿ ಯಾವ ಕಡೆ ಜರುಗುತ್ತದೆ? ಫ್ರೆಟ್‌ನ ಉದ್ದಕ್ಕೆ. ಗೀರುಗಳು ಅದಕ್ಕೆ ಅಡ್ಡ ಇವೆ. ಉತ್ತ ಹೊಲದಲ್ಲಿ ಸಾಲಿಗೆ ಅಡ್ಡವಾಗಿ ಸೈಕಲ್ ಹೊಡೆದ ಹಾಗೆ, ಪ್ರತಿ ಸಾಲಿಗೂ ದಡ್ ದಡ್. ಸಾಲಿನ ಜೊತೆಗೇ ಹೋದರೆ ಅಷ್ಟು ಕುಲುಕುವುದಿಲ್ಲ, ಅಲ್ವಾ? ಹಾಗಾಗಿ ಗೀರು ಪೂರ್ತಿ ಹೋಗದಿದ್ದರೂ, ಕೊನೆಯಲ್ಲಿ ಉಳಿಯುವ ಸಣ್ಣ ಗೀರುಗಳು ಫ್ರೆಟ್‌ನ ಉದ್ದಕ್ಕೆ ಇರಬೇಕು.

ನಾಲ್ಕುತಂತಿ

ಬಾಸ್ ನುಡಿಸುವವನು, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇಷ್ಟೆಲ್ಲಾ ಪಾಡು ಯಾಕೆ? ನಿಕಲ್ ಫ್ರೆಟ್ ಹಾಕಿಸಿಕೊಂಡರೆ ಎರಡು ವಾರದಲ್ಲಿ ತಂತಿಯೇ ಪಾಲಿಷ್ ಮಾಡಿಬಿಡುತ್ತೆ. ಸ್ಟೀಲ್ ಫ್ರೆಟ್ ತಂತಿಯನ್ನು ತಿನ್ನುತ್ತೆ ಅಂತಲೂ ಕೇಳಿದ್ದೇನೆ.

ಅರಹಿಡಿದವ

ತಂತಿ ಎರಡು ವಾರದಲ್ಲಿ ಪಾಲಿಷ್ ಮಾಡುತ್ತದೆ ಎಂದರೆ ಎರಡು ವರ್ಷದಲ್ಲಿ ಗುಂಡಿಯನ್ನೂ ತೋಡುತ್ತದೆ ಎಂದು ಅರ್ಥ. ಎರಡೂ ಒಂದೇ ಗುಣ.

ಲೆಕ್ಕ ನೋಡಿ. ನಿಕಲ್ ಸಿಲ್ವರ್ ಎಂದರೆ ತಾಮ್ರ, ನಿಕಲ್, ಸತುವು. ಹೆಸರಲ್ಲಿ ಬಿಟ್ಟರೆ ಅದರಲ್ಲಿ ಬೆಳ್ಳಿ ಇಲ್ಲ. ಫ್ರೆಟ್ ಮಾಡುವ ಬಗೆಯಲ್ಲಿ ನಿಕಲ್ ಸಾಮಾನ್ಯವಾಗಿ 18% ಇರುತ್ತದೆ. ವಿಕರ್ಸ್ ಅಳತೆಯಲ್ಲಿ ಅದರ ಗಡಸುತನ ಸುಮಾರು 200. ಸ್ಟೇನ್‌ಲೆಸ್ ಸುಮಾರು 300. ಮಧ್ಯದಲ್ಲಿ ಈವೋ ಗೋಲ್ಡ್ ಎಂಬ ಹಳದಿ ಬಣ್ಣದ ಮಿಶ್ರಲೋಹ ಇದೆ, ಸುಮಾರು 250. ಅದರಲ್ಲಿ ನಿಕಲ್ ಇಲ್ಲ, ಚರ್ಮಕ್ಕೆ ನಿಕಲ್ ಆಗದವರು ಅದನ್ನು ಹಾಕಿಸಿಕೊಳ್ಳುತ್ತಾರೆ. ಸ್ಟೇನ್‌ಲೆಸ್‌ನ ಎಷ್ಟೋ ಬಗೆಗಳಲ್ಲೂ ನಿಕಲ್ ಇರುತ್ತದೆ, ಅಲರ್ಜಿ ಇದ್ದವರು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ತಂತಿ ತಿನ್ನುವ ಮಾತು: ಸುತ್ತಿಲ್ಲದ ಸಾದಾ ತಂತಿಗಳು ಹೈ ಕಾರ್ಬನ್ ಉಕ್ಕು. ಈ ಮೂರೂ ಫ್ರೆಟ್‌ಗಳಿಗಿಂತ ಅವೇ ಗಟ್ಟಿ. ಸುತ್ತಿದ ತಂತಿಗಳಲ್ಲಿ ಫ್ರೆಟ್ ತಾಗುವ ಜಾಗ ಸ್ವಲ್ಪ ಬೇಗ ಚಪ್ಪಟೆಯಾಗಬಹುದು. ನನ್ನ ಅನುಭವದಲ್ಲಿ ಅದಕ್ಕಿಂತ ಮೊದಲು ಬೆವರೇ ತಂತಿಯನ್ನು ಹಾಳು ಮಾಡಿರುತ್ತದೆ. ಆದರೆ ಗೀರು ಗೀರು ಇರುವ ಸ್ಟೀಲ್ ಫ್ರೆಟ್ ತಂತಿಗೆ ಒಳ್ಳೆಯದಲ್ಲ, ಅದು ಅರ ಇದ್ದ ಹಾಗೆ.

ಎರಡನೇತಂತಿ

ಅರ್ಥವಾಯಿತು. ಅಂದರೆ ಆರು ತಿಂಗಳು ಅರದ ಮೇಲೆ ನುಡಿಸಿದ್ದೇನೆ. ಈಗ ಮಾಡುವುದು ಹೇಗೆ? ಪೇಪರ್ ಯಾವ ನಂಬರ್? ಎತ್ತರ ಹೆಚ್ಚುಕಮ್ಮಿ ಆಗಿ, ತಂತಿ ಬೇರೆ ಫ್ರೆಟ್‌ಗೆ ತಾಗಿ ಬಝ್ ಶುರುವಾದರೆ ಎಂಬ ಭಯ ಬೇರೆ.

ಚಕ್ರ22

ಮತ್ತೆ ಲೆವೆಲಿಂಗ್ ಮಾಡಿಬಿಡಿ ಸರ್. ಹೇಗೂ ತಂತಿ ಬಿಚ್ಚುತ್ತೀರಿ.

ಅರಹಿಡಿದವ

ಬೇಡ ಬೇಡ. ಬಝ್ ಇಲ್ಲದಿದ್ದರೆ ಲೆವೆಲಿಂಗ್ ಮುಟ್ಟಲೇಬೇಡಿ. ಅನುಮಾನ ಇದ್ದರೆ ಒಂದು ನೇರ ಅಂಚಿನ ಸಣ್ಣ ಪಟ್ಟಿಯನ್ನು ಮೂರು ಫ್ರೆಟ್‌ಗಳ ಮೇಲೆ ಇಟ್ಟು ನೋಡಿ. ಟಕ್ ಟಕ್ ಎಂದು ತೂಗಿದರೆ ಮಧ್ಯದ್ದು ಎತ್ತರ. ತೂಗದಿದ್ದರೆ ಸಮ ಇದೆ, ಬಿಟ್ಟುಬಿಡಿ.

ಎತ್ತರದ ಭಯಕ್ಕೆ ಉತ್ತರ: ಜಂಬೊ ಫ್ರೆಟ್ ಸುಮಾರು 1.4 ಮಿಲಿಮೀಟರ್ ಎತ್ತರ, ಅಂದರೆ 1400 ಮೈಕ್ರಾನ್. ನೀವು ತೆಗೆಯಬೇಕಾದ ಗೀರಿನ ಆಳ ಕೆಲವೇ ಮೈಕ್ರಾನ್. ಕೈಯಲ್ಲಿ, ಪೇಪರ್‌ನಲ್ಲಿ, ಸ್ಟೇನ್‌ಲೆಸ್ ಮೇಲೆ ಎತ್ತರ ಕೆಡಿಸುವುದು ಸುಲಭವಲ್ಲ. ಆದರೆ ಒಂದೇ ಜಾಗದಲ್ಲಿ ಪೇಪರನ್ನು ಗಟ್ಟಿ ತುಂಡಿಗೆ ಸುತ್ತಿ ಉಜ್ಜಿದರೆ ನೆತ್ತಿ ಚಪ್ಪಟೆಯಾಗುತ್ತದೆ, ಅದು ಬೇರೆ ತೊಂದರೆ.

ಪೇಪರ್: ಕಪ್ಪು ವಾಟರ್ ಪೇಪರ್ ಸಾಕು. ನೀರು ಹಾಕಬೇಡಿ, ಕೆಳಗೆ ಮರ ಇದೆ. ನಂಬರ್ 400, 600, 800, 1200, 2000. ಇದರಲ್ಲಿ 400ರ ಕಣ ಸುಮಾರು 35 ಮೈಕ್ರಾನ್, 2000ದ್ದು ಸುಮಾರು 10. ಅಂದರೆ 2000 ಪೇಪರ್‌ಗೆ ಹಳೆಯ ದೊಡ್ಡ ಗೀರು ಕಡಿಯುವ ತಾಕತ್ತಿಲ್ಲ, ಅದು ತನ್ನ ಹಿಂದಿನ ಪೇಪರ್‌ನ ಗೀರನ್ನು ಅಳಿಸುವುದಕ್ಕೆ ಮಾತ್ರ ಇರುವುದು. ಎಲ್ಲರೂ ತಪ್ಪುವುದು ಇಲ್ಲೇ. 400ರಲ್ಲಿ ಎರಡು ನಿಮಿಷ, 600ರಲ್ಲಿ ಎರಡು ನಿಮಿಷ ಎಂದು ಸಮ ಹಂಚಿಬಿಡುತ್ತಾರೆ. ಹಾಗಲ್ಲ. ಕೆಲಸದ ಮುಕ್ಕಾಲು ಭಾಗ 400ರಲ್ಲೇ ಮುಗಿಯಬೇಕು. ಮಿಕ್ಕಿದ್ದೆಲ್ಲಾ ಓಡುತ್ತದೆ.

ಪ್ರತಿ ಪೇಪರ್‌ಗೂ ದಿಕ್ಕು ಬದಲಿಸಿ. 400 ಫ್ರೆಟ್ ಉದ್ದಕ್ಕೆ. 600 ತಂತಿ ದಿಕ್ಕಿಗೆ, ನೆತ್ತಿಯ ಗುಂಡನ್ನು ಹತ್ತಿ ಇಳಿಯುವ ಹಾಗೆ. 800 ಮತ್ತೆ ಉದ್ದಕ್ಕೆ. 1200 ತಂತಿ ದಿಕ್ಕಿಗೆ. 2000 ಉದ್ದಕ್ಕೆ. ಹೀಗೆ ಮಾಡಿದರೆ ಹಿಂದಿನ ಗೀರು ಉಳಿದಿದೆಯೋ ಇಲ್ಲವೋ ಟಾರ್ಚ್ ಬೆಳಕಲ್ಲಿ ತಕ್ಷಣ ಕಾಣುತ್ತದೆ, ಅಡ್ಡ ಇರುವುದೆಲ್ಲಾ ಹಳೆಯದು. ಒಂದೇ ದಿಕ್ಕಿಗೆ ಉಜ್ಜುತ್ತಾ ಹೋದರೆ ಹಳೆಯದು ಹೊಸದು ಬೆರೆತು ಏನೂ ಗೊತ್ತಾಗುವುದಿಲ್ಲ.

ಮೊದಲು ಒಂದೇ ಒಂದು ಫ್ರೆಟ್ ಮಾಡಿ. 22ಕ್ಕೂ ಒಟ್ಟಿಗೆ, ಮರ ಮುಚ್ಚುವ ಟೇಪ್ ಹಚ್ಚಿಕೊಂಡು ಕೂರಬೇಡಿ.

ಮರದಹುಳು

ಟೇಪ್ ಎಂದಿರಲ್ಲ, ಅದರ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಾನು ಕೆಟ್ಟು ಕಲಿತವಳು.

ಹಳೆಯ ಮೇಪಲ್ ನೆಕ್, ಮೇಲೆ ಲ್ಯಾಕರ್. ಒಳ್ಳೆಯ ಅಂಟಿನ ಟೇಪ್ ಹಚ್ಚಿ ಎರಡು ದಿನ ಬಿಟ್ಟಿದ್ದೆ. ತೆಗೆಯುವಾಗ ನೇರ ಮೇಲಕ್ಕೆ ಎಳೆದೆ. 7ನೇ ಫ್ರೆಟ್ ಪಕ್ಕ ಉಗುರಿನಷ್ಟು ಲ್ಯಾಕರ್ ಟೇಪ್ ಜೊತೆಗೇ ಬಂತು. ಇವತ್ತಿಗೂ ಆ ಜಾಗ ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ಟೇಪನ್ನು ಮೊದಲು ಪ್ಯಾಂಟಿಗೆ ಎರಡು ಸಲ ಅಂಟಿಸಿ ಕೀಳುತ್ತೇನೆ, ಅಂಟು ಕಮ್ಮಿಯಾಗುತ್ತದೆ. ಆಮೇಲೆ ಫ್ರೆಟ್‌ನ ಬುಡಕ್ಕೆ ಸರಿಯಾಗಿ ಕೂರಿಸಿ ಉಗುರಿನಿಂದ ಒತ್ತುತ್ತೇನೆ. ಪೇಪರ್ ಜಾರಿದರೆ ಒಂದು ಪದರ ಹರಿಯುತ್ತದೆ, ಅದಕ್ಕೇ ಎರಡು ಪದರ. ತೆಗೆಯುವಾಗ ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿ, ಚಪ್ಪಟೆಯಾಗಿ, ನಿಧಾನಕ್ಕೆ. ಅವತ್ತಿನ ಟೇಪ್ ಅವತ್ತೇ ತೆಗೆಯಬೇಕು. ರೋಸ್‌ವುಡ್‌ಗೆ ಸಾಮಾನ್ಯವಾಗಿ ಲ್ಯಾಕರ್ ಇರುವುದಿಲ್ಲ, ನಿಮಗೆ ಅಷ್ಟು ಭಯವಿಲ್ಲ, ಆದರೂ ಬೇಕು. ರೋಸ್‌ವುಡ್‌ನ ರಂಧ್ರಗಳಲ್ಲಿ ಪಾಲಿಷ್ ಸೇರಿಕೊಂಡರೆ ಹಲ್ಲುಜ್ಜುವ ಬ್ರಷ್‌ನಲ್ಲೂ ಬರುವುದಿಲ್ಲ.

ಪಿಕಪ್ ಮುಚ್ಚುವುದನ್ನು ಈ ಸಲ ಮರೆಯಬೇಡಿ. ಸ್ಟೇನ್‌ಲೆಸ್ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂದು ನಂಬಿ ಕೂರಬೇಡಿ. ಎಳೆದು ತಂತಿ ಮಾಡುವಾಗ ಕೆಲವಕ್ಕೆ ಸ್ವಲ್ಪ ಅಯಸ್ಕಾಂತದ ಗುಣ ಬಂದುಬಿಡುತ್ತದೆ. ಮಾಸ್ಕ್ ಹಾಕಿಕೊಳ್ಳಿ. ಆ ಪುಡಿಯಲ್ಲಿ ಕ್ರೋಮಿಯಂ ಇರುತ್ತದೆ, ಎಷ್ಟೋ ಸಲ ನಿಕಲ್ ಕೂಡ.

ಚಕ್ರ22

ಎಲ್ಲಾ ಸರಿ, ಆದರೆ 22 ಫ್ರೆಟ್‌ಗೂ ಕೈಯಲ್ಲೇ 400 ಉಜ್ಜುತ್ತಾ ಕೂರುವುದು ಯಾವ ಶಿಕ್ಷೆ? ರೋಟರಿ ಟೂಲ್‌ಗೆ ಸಿಗುವ ರಬ್ಬರ್ ಪಾಲಿಷಿಂಗ್ ಚಕ್ರ ಹಾಕಿ. ಒಂದು ಫ್ರೆಟ್‌ಗೆ ಒಂದು ನಿಮಿಷ. ನಾನು ಎರಡು ಗಿಟಾರ್ ಹೀಗೇ ಮಾಡಿದ್ದೇನೆ.

ಅರಹಿಡಿದವ

ಮಾಡಬಹುದು. ಕೈ ಪಳಗಿದವರು ಮಾಡುತ್ತಾರೆ. ಆದರೆ ರಬ್ಬರ್ ಚಕ್ರ ಒಂದು ಕಡೆ ಅರೆಕ್ಷಣ ಜಾಸ್ತಿ ನಿಂತರೆ ಅಲ್ಲಿ ತಗ್ಗು. ಗೀರಿಗಿಂತ ತಗ್ಗು ಕೆಟ್ಟದ್ದು, ಅದಕ್ಕೆ ಮತ್ತೆ ಲೆವೆಲಿಂಗೇ ಮದ್ದು.

ಬಿಸಿ ಇನ್ನೊಂದು ಸಮಸ್ಯೆ. ಸ್ಟೇನ್‌ಲೆಸ್ ಶಾಖವನ್ನು ಬೇಗ ಹರಡುವುದಿಲ್ಲ. ಉಜ್ಜಿದ ಜಾಗದಲ್ಲೇ ಬಿಸಿ ನಿಲ್ಲುತ್ತದೆ. ಫ್ರೆಟ್‌ಗೆ ಅಂಟು ಹಾಕಿ ಕೂರಿಸಿದ್ದರೆ ಅದು ಸಡಿಲಾಗಬಹುದು. ಬಫ್ ಮಾಡುವಾಗಲೂ ಅಷ್ಟೇ: ಕಡಿಮೆ ಸ್ಪೀಡ್, ಚಕ್ರ ಓಡುತ್ತಲೇ ಇರಬೇಕು, ಆಗಾಗ ಬೆರಳಿಟ್ಟು ನೋಡಬೇಕು. ಬೆರಳು ಇಡಲಾಗದಿದ್ದರೆ ಮುಂದಿನ ಫ್ರೆಟ್‌ಗೆ ಹೋಗಿ, ಇದು ಆರಲಿ.

ಚಕ್ರ22

ಒಂದು ಗಿಟಾರ್‌ನಲ್ಲಿ 15ನೇ ಫ್ರೆಟ್ ತುದಿ ಸ್ವಲ್ಪ ಎದ್ದಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡಿದ್ದೆ…

ನಾಲ್ಕುತಂತಿ

😂

ಎರಡನೇತಂತಿ

ಒಂದು ಫ್ರೆಟ್ ಮಾಡಿದೆ. 12ನೆಯದು. ವರದಿ ಒಪ್ಪಿಸುತ್ತಿದ್ದೇನೆ.

400 ಪೇಪರನ್ನು ಪೆನ್ಸಿಲ್ ಅಳಿಸುವ ರಬ್ಬರ್‌ಗೆ ಸುತ್ತಿಕೊಂಡೆ. ಬೆರಳಿಗೆ ಸುತ್ತಿದರೆ ಎರಡೇ ನಿಮಿಷಕ್ಕೆ ಬಿಸಿ ತಾಗುತ್ತದೆ, ರಬ್ಬರ್ ಆದರೆ ನೆತ್ತಿಯ ಗುಂಡಿಗೆ ಹೊಂದಿಕೊಂಡು ಬಾಗುತ್ತದೆ. ಹತ್ತು ನಿಮಿಷ ಉಜ್ಜಿದ ಮೇಲೆ ಸಾಕು ಅನ್ನಿಸಿತು. ಒಂದು ಅನುಮಾನ ಬಂದು ಪರ್ಮನೆಂಟ್ ಮಾರ್ಕರ್‌ನಲ್ಲಿ ಫ್ರೆಟ್‌ಗೆ ಪೂರ್ತಿ ಕಪ್ಪು ಬಳಿದೆ. ಮತ್ತೆ 400ರಲ್ಲಿ ನಾಲ್ಕೇ ನಾಲ್ಕು ಎಳೆತ. ನೆತ್ತಿಯೆಲ್ಲಾ ಬೆಳ್ಳಗಾಯಿತು, ಆದರೆ ಅಡ್ಡಕ್ಕೆ ಹದಿನೈದಿಪ್ಪತ್ತು ಕಪ್ಪು ಗೆರೆ ಹಾಗೇ ನಿಂತವು! ಕೂದಲೆಳೆಯಷ್ಟು ಸಣ್ಣ. ಶಾಯಿ ಹಳೆಯ ಗೀರುಗಳೊಳಗೆ ಕೂತಿತ್ತು. ಮೂರನೇ ತಂತಿಯ ಕೆಳಗೇ ಜಾಸ್ತಿ ಇದ್ದವು.

ಆ ಕಪ್ಪು ಗೆರೆಗಳು ಹೋಗುವವರೆಗೆ ಉಜ್ಜಿದೆ. ಪೇಪರ್ ಮೂರು ಸಲ ಬದಲಿಸಿದೆ, ಸ್ಟೀಲ್ ಮೇಲೆ ಅದು ಬೇಗ ಮೊಂಡಾಗುತ್ತದೆ. ಇನ್ನೂ 25 ನಿಮಿಷ ಹಿಡಿಯಿತು. ಮಿಕ್ಕ ನಾಲ್ಕು ಪೇಪರ್ ಸೇರಿ ಹತ್ತು ನಿಮಿಷ ಕೂಡ ಆಗಲಿಲ್ಲ. ಕೊನೆಗೆ ಮೆಟಲ್ ಪಾಲಿಷ್ ಹಚ್ಚಿ ಹಳೆ ಬನಿಯನ್ ಬಟ್ಟೆಯಲ್ಲಿ ಕೈಯಲ್ಲೇ ತಿಕ್ಕಿದೆ.

ಮೂರನೇ ತಂತಿ ಒಂದನ್ನೇ ಹಾಕಿ 12ರಲ್ಲಿ ಬೆಂಡ್ ಮಾಡಿದೆ. ಸದ್ದೇ ಇಲ್ಲ. ತಂತಿ ಬೆರಳಿನಿಂದ ತಪ್ಪಿಸಿಕೊಂಡು ಹೋಯಿತು ಅನ್ನಿಸಿ ಒಂದು ಕ್ಷಣ ಗಾಬರಿಯಾದೆ. ಪಕ್ಕದ 11ಕ್ಕೆ ಬಂದರೆ ಮತ್ತೆ ಮರಳು. ಆರು ತಿಂಗಳು ಇದರ ಮೇಲೆ ಹೇಗೆ ನುಡಿಸಿದೆನೋ!

ಮರದಹುಳು

ಮಾರ್ಕರ್ ಉಪಾಯ ಚೆನ್ನಾಗಿದೆ. ಲೆವೆಲಿಂಗ್‌ನಲ್ಲಿ ಎಲ್ಲರೂ ಬಳಿಯುತ್ತಾರೆ, ಗೀರು ಹುಡುಕುವುದಕ್ಕೆ ನನಗೆ ಹೊಳೆದಿರಲಿಲ್ಲ. ಮರಕ್ಕೆ ತಾಗದ ಹಾಗೆ ನೋಡಿಕೊಳ್ಳಿ, ಮೇಪಲ್ ಆದರೆ ಕಥೆ ಮುಗಿಯಿತು.

ಹೊಸಕೈ

ಇದೇ ಜಾಗದಲ್ಲಿ ಒಂದು ಪ್ರಶ್ನೆ ಕೇಳಬಹುದಾ? ನನ್ನದೂ ಸ್ಟೇನ್‌ಲೆಸ್. ನೆತ್ತಿ ಚೆನ್ನಾಗಿದೆ, ಆದರೆ ಒಣ ಹವೆ ಶುರುವಾದಾಗಿನಿಂದ ಫ್ರೆಟ್‌ನ ತುದಿಗಳು ಅಂಗೈಗೆ ಚುಚ್ಚುತ್ತವೆ. ಫ್ರೆಟ್ ಬೆಳೆಯುತ್ತದಾ?

ಅರಹಿಡಿದವ

ಫ್ರೆಟ್ ಬೆಳೆಯುವುದಿಲ್ಲ, ಮರ ಕುಗ್ಗುತ್ತದೆ. ಒಣ ಹವೆಯಲ್ಲಿ ಮರದ ತೇವ ಹೋಗಿ ಫಿಂಗರ್‌ಬೋರ್ಡ್ ಕಿರಿದಾಗುತ್ತದೆ, ಲೋಹ ಹಾಗೇ ಇರುತ್ತದೆ, ತುದಿ ಹೊರಗೆ ಇಣುಕುತ್ತದೆ. ತಕ್ಷಣ ಅರ ಹಿಡಿಯಬೇಡಿ. ಕೆಲವು ದಿನ ಕೇಸ್‌ನೊಳಗೆ ಸ್ವಲ್ಪ ತೇವ ಸಿಗುವ ಹಾಗೆ ಇಟ್ಟು ನೋಡಿ. ಆಮೇಲೂ ಚುಚ್ಚಿದರೆ ಸಣ್ಣ ಡೈಮಂಡ್ ಫೈಲ್‌ನಲ್ಲಿ ತುದಿಯ ಮೂಲೆಗಳನ್ನು ಮಾತ್ರ ಗುಂಡಗೆ ಮಾಡಿ, ಆಮೇಲೆ 600, 1200. ಸಾದಾ ಅರ ಬೇಡ, ಸ್ಟೇನ್‌ಲೆಸ್ ಅದರ ಹಲ್ಲು ಬೋಳಿಸುತ್ತದೆ.

ನಾಲ್ಕುತಂತಿ

ಮೈಕ್ರೊಮೆಶ್ ಪ್ಯಾಡ್ 12000 ನಂಬರ್‌ವರೆಗೂ ಸಿಗುತ್ತವಲ್ಲ, ಅವು ಬೇಡವಾ? ಕೇಳಲು ಜಂಬವಾಗಿದೆ.

ಅರಹಿಡಿದವ

ಇದ್ದರೆ ಬಳಸಿ, ಹೊಳಪು ಚೆನ್ನಾಗಿ ಬರುತ್ತದೆ. ಆ ನಂಬರ್ ಲೆಕ್ಕ ಮಾಮೂಲಿ ಪೇಪರ್‌ನ ನಂಬರ್ ಲೆಕ್ಕ ಅಲ್ಲ, ಎರಡನ್ನೂ ಹೋಲಿಸಬೇಡಿ. ಬೆರಳಿನ ಮಟ್ಟಿಗೆ ಹೇಳುವುದಾದರೆ 2000 ಆದಮೇಲೆ ಒಳ್ಳೆಯ ಪಾಲಿಷ್ ಸಾಕು. ಹಸಿರು ಕಡ್ಡಿ ಸಿಗುತ್ತದೆ, ಕ್ರೋಮಿಯಂ ಆಕ್ಸೈಡ್, ಸ್ಟೇನ್‌ಲೆಸ್‌ಗೆ ಅದನ್ನೇ ಹೆಚ್ಚು ಬಳಸುವುದು. ಎರಡನೇತಂತಿಯವರು ಬಳಸಿದ ಪೇಸ್ಟೂ ಆಗುತ್ತದೆ.

ಎರಡನೇತಂತಿ

ಹದಿನೆಂಟು ದಿನ ಆಯಿತು. ದಿನಕ್ಕೆ ಒಂದೋ ಎರಡೋ ಫ್ರೆಟ್ ಎಂದು ಇಟ್ಟುಕೊಂಡಿದ್ದೆ. ನಿನ್ನೆ 22ನೆಯದು ಮುಗಿಯಿತು. ಮೇಲಿನ ಸಣ್ಣ ಜಾಗದ ಫ್ರೆಟ್‌ಗಳಿಗೆ ರಬ್ಬರ್ ಹಿಡಿಸದೆ ಐಸ್‌ಕ್ರೀಮ್ ಕಡ್ಡಿಗೆ ಫೋಮ್ ಅಂಟಿಸಿಕೊಂಡೆ. ಟೇಪ್ ತೆಗೆದು ಫಿಂಗರ್‌ಬೋರ್ಡ್‌ಗೆ ಎಣ್ಣೆ ಹಚ್ಚಿ, ಆರೂ ತಂತಿ ಹಾಕಿ, ಈಗಷ್ಟೇ ಒಂದು ಗಂಟೆ ನುಡಿಸಿ ಬಂದೆ.

ಬೆಣ್ಣೆ ಸರ್. ಬೆಂಡ್ ಮಾಡಿದರೆ ಎಲ್ಲಿ ನಿಲ್ಲಿಸಬೇಕೋ ತಿಳಿಯದೆ ಸ್ವರ ದಾಟಿ ಹೋಗುತ್ತಿದ್ದೇನೆ, ಕೈ ಇನ್ನೂ ಹಳೆಯ ಒರಟಿಗೆ ಬಲ ಹಾಕುತ್ತಿದೆ.

ಒಂದೇ ಒಂದು ಕಡೆ, 9ನೇ ಫ್ರೆಟ್, ಎರಡನೇ ತಂತಿ, ಮೇಲಕ್ಕೆ ಬೆಂಡ್ ಮಾಡಿದಾಗ ಕೊನೆಯಲ್ಲಿ ಒಂದು ಸಣ್ಣ ಕರಕ್. ಅವತ್ತು ನೆಂಟರು ಬಂದಿದ್ದರು, ಅವಸರದಲ್ಲಿ ಮಾಡಿದ್ದೆ. ಮಾರ್ಕರ್ ಬಳಿದು ನೋಡಿರಲಿಲ್ಲ. ತಂತಿ ಸಡಿಲ ಮಾಡಿ ಪಕ್ಕಕ್ಕೆ ಸರಿಸಿ, 2000 ಪೇಪರ್‌ನಲ್ಲಿ ಅದೊಂದನ್ನು ಉಜ್ಜಿದರೆ ಹೋಗುತ್ತದಾ?

ಅರಹಿಡಿದವ

400.

ಎರಡನೇತಂತಿ

ಗೊತ್ತಿತ್ತು. ಸುಮ್ನೆ ಕೇಳಿದೆ. ಟೇಪ್ ತರುತ್ತೇನೆ.